ಇಂಗ್ಲಿಷರ ಬಿಟರೂ ಅವರ ನೆರೆಹೊರೆಯ ಪಬ್ಬೂ

'ಪಬ್' ಎಂಬ ಮಾತು ನಮಗೆ ಹೊಸದಲ್ಲ. 1980ರ ದಶಕದ ಉತ್ತರಾರ್ಧದಿಂದ ಈಚೆಗೆ ಬೆಂಗಳೂರಿಗೆ 'ಪಬ್ ನಗರ'ವೆಂಬ ಬಿರುದೇ ಅಂಟಿಕೊಂಡಿದೆ. ಮಂದವಾದ ಬೆಳಕು, ಕಿವಿಗಡಚಿಕ್ಕುವ ಸಂಗೀತ, ವಾರದ ದಣಿವನ್ನು ಮರೆಯಲು ಬಂದ ತರುಣ ತರುಣಿಯರು: ಆ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣೆದುರು ನಿಲ್ಲುವ ಚಿತ್ರ ಇದು. ಈ ಚಿತ್ರವನ್ನೇ ಮನಸ್ಸಿನಲ್ಲಿಟ್ಟುಕೊಂಡು ಇಂಗ್ಲೆಂಡಿನ ವೃತ್ತಪತ್ರಿಕೆಗಳನ್ನು ಓದತೊಡಗಿದರೆ ಒಂದು ಸಂಗತಿ ಬಗೆಹರಿಯದೆ ಉಳಿಯುತ್ತದೆ. ಪಬ್ಬೊಂದು ಮುಚ್ಚಿತೆಂದರೆ ಆ ಜನ ಸಾವಿನ ಮನೆಯವರಂತೆ ದುಃಖಿಸುವುದೇಕೆ? ಪಾರ್ಲಿಮೆಂಟಿನಲ್ಲಿ ಅದನ್ನು ಕುರಿತು ಚರ್ಚೆ ನಡೆಯುವುದೇಕೆ? ಹಳ್ಳಿಯ ಜನ ಚಂದಾ ಎತ್ತಿ ಅದನ್ನು ಕೊಳ್ಳಲು ಹೊರಡುವುದೇಕೆ? ಕುಡಿತದ ಅಂಗಡಿಯೊಂದು ಬಾಗಿಲಿಕ್ಕಿಕೊಂಡರೆ ಊರಿಗೆ ಅಂಟಿದ ಪೀಡೆಯೊಂದು ತೊಲಗಿತೆಂದು ನೆಮ್ಮದಿಯ ಉಸಿರು ಬಿಡಬೇಕಾದುದು ನ್ಯಾಯವಲ್ಲವೆ?

ಬಾಗಿಲಿಕ್ಕಿಕೊಂಡವುಗಳ ಸಂಖ್ಯೆಯಂತೂ ಸಣ್ಣದಲ್ಲ. 1980ರ ವೇಳೆಗೆ ಬ್ರಿಟನ್ನಿನಲ್ಲಿ ಸುಮಾರು 69,000 ಪಬ್ಬುಗಳಿದ್ದವು. 2000ದ ಹೊತ್ತಿಗೆ ಅವು 60,000ದ ಆಸುಪಾಸಿಗೆ ಇಳಿದವು. 2024ರಲ್ಲಿ ಉಳಿದಿದ್ದವು ಸುಮಾರು 45,000. ಎಂದರೆ, ಒಬ್ಬ ಮನುಷ್ಯನು ದುಡಿಮೆಗೆ ಸೇರಿ ನಿವೃತ್ತನಾಗುವಷ್ಟು ಅವಧಿಯಲ್ಲಿ ಮೂರು ಪಬ್ಬುಗಳಲ್ಲಿ ಒಂದು ಕಣ್ಮರೆಯಾಯಿತು. ಎರಡು ಮಹಾಯುದ್ಧಗಳು ಮಾಡಲಾರದ ಕೆಲಸವನ್ನು, ಪಾನನಿರೋಧದ ಪ್ರಚಾರಕರು ನೂರು ವರ್ಷ ಬೋಧಿಸಿಯೂ ಸಾಧಿಸಲಾರದ ಕೆಲಸವನ್ನು, ಶಾಂತಿಕಾಲದ ವ್ಯಾಪಾರವೇ ಸದ್ದಿಲ್ಲದೆ ಮಾಡಿ ಮುಗಿಸುತ್ತಿದೆ.

ಪಾನವನ್ನು ಹೊಗಳುವುದು ಈ ಲೇಖನದ ಉದ್ದೇಶವಲ್ಲ. ಕುಡಿತದಿಂದ ಹಾಳಾದ ಸಂಸಾರಗಳನ್ನು ಕಣ್ಣಾರೆ ಕಂಡ ನಾಡಿನವನು ನಾನು. ಆ ವಿಷಯದಲ್ಲಿ ಕಟ್ಟುನಿಟ್ಟಾದ ಮನೆಯಲ್ಲಿಯೇ ಬೆಳೆದವನು. ಆದರೆ ಕೆಲವು ವರ್ಷ ಉತ್ತರ ಇಂಗ್ಲೆಂಡಿನಲ್ಲಿ ಬಾಳಿದ ಮೇಲೆ ನನಗೆ ತೋರಿದ್ದು ಇಷ್ಟು: ಇಂಗ್ಲಿಷರ ಬಿಟರನ್ನೂ ಅವರ ನೆರೆಹೊರೆಯ ಪಬ್ಬನ್ನೂ ಬೇರೆ ಬೇರೆಯಾಗಿ ನೋಡಲಾಗದು. ಒಂದು ಪಾನೀಯ, ಮತ್ತೊಂದು ಕಟ್ಟಡ ಎಂಬ ಎಣಿಕೆಯೇ ತಪ್ಪು. ಎರಡೂ ಸೇರಿ ಒಂದೇ ಸಂಸ್ಥೆ. ಆ ಸಂಸ್ಥೆಯ ಮೂರನೆಯ ಅಂಗ ನೆರೆಹೊರೆಯ ಜನ. ಮೂರರಲ್ಲಿ ಒಂದನ್ನು ಕಿತ್ತರೆ ಉಳಿದೆರಡೂ ಬೀಳುತ್ತವೆ. ಇದು ಭಾವುಕತೆಯ ಮಾತಲ್ಲ. ಲೆಕ್ಕ ಹಾಕಿ ತೋರಿಸಬಹುದಾದ ಮಾತು.

ಕಹಿಯೆಂಬ ಹೆಸರು

'ಬಿಟರ್' ಎಂದರೆ ಕಹಿ. ಹಾಪ್ಸ್ ಹೂವನ್ನು ಧಾರಾಳವಾಗಿ ಹಾಕಿ ಕುದಿಸಿದ ತಿಳಿಬಣ್ಣದ ಬಿಯರು ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಗೆ ಬಂದಾಗ, ತಯಾರಕರು ಅದನ್ನು 'ಪೇಲ್ ಏಲ್' ಎಂದು ಗೌರವದಿಂದ ಕರೆದರು. ಕುಡಿಯುವವರು ಮಾತ್ರ, ತಾವು ಅದುವರೆಗೆ ಬಲ್ಲ ಸೌಮ್ಯವಾದ 'ಮೈಲ್ಡ್' ಬಿಯರಿನಿಂದ ಅದನ್ನು ಬೇರ್ಪಡಿಸಲು 'ಬಿಟರ್' ಎಂದರು. ಹೀಗೆ ಆ ಹೆಸರನ್ನು ಇಟ್ಟವರು ಗಿರಾಕಿಗಳೇ ಹೊರತು ವ್ಯಾಪಾರಿಗಳಲ್ಲ. ತನ್ನ ದೋಷವೆಂದು ತೋರಬಹುದಾದ ಗುಣವನ್ನೇ ಹೆಸರಾಗಿ ಹೊತ್ತ ಪದಾರ್ಥವನ್ನು ಇಂದಿನ ಜಾಹೀರಾತಿನವರು ಎಂದಿಗೂ ಒಪ್ಪುತ್ತಿರಲಿಲ್ಲ.

ಈ ಪೇಲ್ ಏಲಿಗೂ ನಮ್ಮ ದೇಶಕ್ಕೂ ಹಳೆಯ ನಂಟುಂಟು. ಕಂಪೆನಿ ಸರ್ಕಾರದ ಕಾಲದಲ್ಲಿ ಇಲ್ಲಿನ ಸೆಕೆಯಲ್ಲಿ ಬೇಯುತ್ತಿದ್ದ ಆಂಗ್ಲರಿಗಾಗಿ, ಲಂಡನ್ನಿನ ಬೋ ಪ್ರದೇಶದ ಹಾಡ್ಜ್‌ಸನ್ ಎಂಬ ತಯಾರಕನ ಬಿಯರು ಆಫ್ರಿಕದ ತುದಿಯನ್ನು ಬಳಸಿಕೊಂಡು ತಿಂಗಳುಗಟ್ಟಲೆ ಹಡಗಿನಲ್ಲಿ ಪ್ರಯಾಣ ಮಾಡಿ ಬರುತ್ತಿತ್ತು. 1820ರ ದಶಕದಲ್ಲಿ ಟ್ರೆಂಟ್ ನದಿಯ ದಡದ ಬರ್ಟನ್ ಊರಿನ ಆಲ್‌ಸಪ್, ಬಾಸ್ ಮೊದಲಾದವರು ಈ ವ್ಯಾಪಾರಕ್ಕೆ ಇಳಿದರು. ಬರ್ಟನ್ನಿನ ಬಾವಿಯ ನೀರಿನಲ್ಲಿ ಜಿಪ್ಸಮ್ ಹೇರಳವಾಗಿದೆ. ಅದು ಹಾಪ್ಸ್ ಹೂವಿನ ಕಹಿಗೆ ಒಂದು ಸ್ವಚ್ಛತೆಯನ್ನೂ ಚುರುಕನ್ನೂ ಕೊಡುತ್ತದೆ. 'ಇಂಡಿಯಾ ಪೇಲ್ ಏಲ್' ಎಂಬ ಹೆಸರು ಹುಟ್ಟಿದ್ದು ಹೀಗೆ. ಆ ಮನೆತನಕ್ಕೆ ಸೇರಿದ, ಆದರೆ ಪರದೇಶಕ್ಕೆ ಹೋಗದೆ ಊರಿನಲ್ಲಿಯೇ ಉಳಿದು ಬಾಳಿದ ಸೋದರ ಬಿಟರ್ ಎನ್ನಬಹುದು.

ಮೊದಲ ಗುಟುಕಿಗೇ ಹಿಡಿಸುವ ಪಾನೀಯ ಇದಲ್ಲ. ನನಗೂ ಹಿಡಿಸಲಿಲ್ಲ. ಬಾಲ್ಯದಲ್ಲಿ ತಟ್ಟೆಯ ಅಂಚಿಗೆ ತಳ್ಳುತ್ತಿದ್ದ ಹಾಗಲಕಾಯಿಯ ಗೊಜ್ಜನ್ನು ನಡುವಯಸ್ಸಿನಲ್ಲಿ ಕೇಳಿ ಬಡಿಸಿಕೊಳ್ಳುತ್ತೇವಲ್ಲ, ಹಾಗೆ ಇದರ ರುಚಿ ಬಲಿಯಲು ಕಾಲ ಬೇಕು. ಮೊದಲು ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸಿಹಿ. ಹಿಂದೆಯೇ ಕೆಂಟ್ ಪ್ರಾಂತದ ತೋಟಗಳ ಹೂವಿನ ಒಗರು. ಕೊನೆಗೆ ನಾಲಗೆಯ ಬುಡದಲ್ಲಿ ನಿಲ್ಲುವ, ಮತ್ತೊಂದು ಗುಟುಕನ್ನು ಬೇಡುವ ಕಹಿ. ಇಂಗ್ಲಿಷರು ಬಿಸಿ ಬಿಯರನ್ನು ಕುಡಿಯುತ್ತಾರೆಂಬ ಪರದೇಶಿಗಳ ಹಾಸ್ಯದಲ್ಲಿ ನಿಜವಿಲ್ಲ. ಅದನ್ನು ಬಡಿಸುವುದು ನೆಲಮಾಳಿಗೆಯ ತಂಪಿನಲ್ಲಿ, ಸುಮಾರು 11ರಿಂದ 13 ಡಿಗ್ರಿಗಳಲ್ಲಿ. ನಮ್ಮ ಮಣ್ಣಿನ ಹೂಜಿಯ ನೀರಿಗಿಂತ ಅದು ತಣ್ಣಗಿರುತ್ತದೆ. ಮಂಜಿನಂತೆ ಕೊರೆಯುವ ಪಾನೀಯದಲ್ಲಿ ನಾಲಗೆ ಮರಗಟ್ಟಿ ರುಚಿಯೇ ತಿಳಿಯದು ಎಂಬುದು ಅವರ ವಾದ. ಆ ವಾದ ಸರಿಯೆಂದೇ ನನ್ನ ಅನುಭವ.

ಸಾಮಾನ್ಯವಾದ ಬಿಟರಿನಲ್ಲಿ ಮದ್ಯಸಾರ ನೂರಕ್ಕೆ ಮೂರೂವರೆಯಿಂದ ನಾಲ್ಕೂವರೆ ಪಾಲು ಮಾತ್ರ. ಅದು ತಲೆಗೇರಿಸಿಕೊಳ್ಳಲು ಮಾಡಿದ ಪಾನೀಯವಲ್ಲ. ಒಂದು ಸಂಜೆಯ ಮಾತುಕತೆಯನ್ನು ಕೊನೆಯವರೆಗೆ ಸಾಗಿಸಲು ಮಾಡಿದ್ದು. ಅದನ್ನು ಹೇಗೆ ಬಡಿಸಬೇಕೆಂಬುದರಲ್ಲಿ ಆ ದೇಶದ ಉತ್ತರಾದಿಗಳಿಗೂ ದಕ್ಷಿಣಾದಿಗಳಿಗೂ ನಮ್ಮ ಮಠಗಳ ವ್ಯಾಜ್ಯವನ್ನು ನೆನಪಿಸುವ ತಕರಾರುಂಟು. ಪಂಪಿನ ಮೂತಿಗೆ ಸಣ್ಣ ರಂಧ್ರಗಳ ಬಿಲ್ಲೆಯೊಂದನ್ನು ತಿರುಪಿ ಬೆಣ್ಣೆಯಂಥ ನೊರೆ ಬರಿಸುವುದು ಯಾರ್ಕ್‌ಶೈರಿನ ಪದ್ಧತಿ. ನೊರೆ ತುಂಬಿ ಅಳತೆಯಲ್ಲಿ ಮೋಸ ಮಾಡುತ್ತಾರೆ, ಹೂವಿನ ಪರಿಮಳವನ್ನೂ ಕೊಲ್ಲುತ್ತಾರೆ ಎಂದು ದಕ್ಷಿಣದವರ ದೂರು. ನಾನು ಬಾಳಿದ್ದು ಉತ್ತರದಲ್ಲಿ; ಉಪ್ಪಿನ ಋಣಕ್ಕೆ ಕಟ್ಟುಬಿದ್ದು ನೊರೆಯ ಪಕ್ಷದವನಾಗಿಯೇ ಉಳಿದಿದ್ದೇನೆ.

ಪೀಪಾಯಿಯ ಗಣಿತ

ಈಗ ಮೇಲೆ ಹೇಳಿದ ಲೆಕ್ಕಕ್ಕೆ ಬರೋಣ. ಸಾಂಪ್ರದಾಯಿಕವಾದ ಬಿಟರು ಜೀವಂತವಾದ ಪದಾರ್ಥ. ಕಾರ್ಖಾನೆಯಿಂದ ಹೊರಟಾಗ ಅದನ್ನು ಸೋಸಿರುವುದಿಲ್ಲ. ಕಾಯಿಸಿ ಅದರ ಹುದುಗನ್ನು ಕೊಂದಿರುವುದೂ ಇಲ್ಲ. ಪಬ್ಬಿನ ನೆಲಮಾಳಿಗೆಯಲ್ಲಿ, ಪೀಪಾಯಿಯ ಒಳಗೇ, ಅದು ಎರಡನೆಯ ಸಲ ಹುದುಗುತ್ತದೆ. ಗಸಿ ತಳಕ್ಕಿಳಿಯುವವರೆಗೆ ಕಾಯಬೇಕು. ಬೆಣೆಯನ್ನು ಎಷ್ಟು ಹೊತ್ತಿಗೆ ಸಡಿಲಿಸಬೇಕು, ಎಷ್ಟು ಹೊತ್ತಿಗೆ ಬಿಗಿಯಬೇಕು ಎಂಬುದನ್ನು ಪಬ್ಬಿನ ಯಜಮಾನನು ಅನುಭವದಿಂದ ಅರಿತಿರಬೇಕು. ದೋಸೆಯ ಹಿಟ್ಟನ್ನು ಹುದುಗಿಗಿಟ್ಟು ಹವೆಯ ಗುಣ ನೋಡಿ ಹೊತ್ತು ಗೊತ್ತುಮಾಡುವ ನಮ್ಮ ಗೃಹಿಣಿಯರಿಗೆ ಈ ವಿದ್ಯೆಯನ್ನು ವಿವರಿಸಬೇಕಾದುದಿಲ್ಲ.

ಪೀಪಾಯಿಯಿಂದ ಬಿಯರನ್ನು ಎಳೆದಂತೆಲ್ಲ ಆ ಜಾಗಕ್ಕೆ ಗಾಳಿ ನುಗ್ಗುತ್ತದೆ. ಗಾಳಿ ಸೋಕಿದ ಬಿಯರು ಸುಮಾರು ಮೂರು ದಿನ ಚೆನ್ನಾಗಿರುತ್ತದೆ. ಆಮೇಲೆ ಕಳೆಗುಂದುತ್ತದೆ, ಕೊನೆಗೆ ಹುಳಿಯುತ್ತದೆ. ಪಬ್ಬುಗಳಲ್ಲಿ ಸಾಮಾನ್ಯವಾಗಿ ಬಳಸುವ ಪೀಪಾಯಿ 'ಫರ್ಕಿನ್'. ಅದು ಹಿಡಿಯುವುದು ಒಂಬತ್ತು ಗ್ಯಾಲನ್, ಅಂದರೆ 72 ಪಿಂಟು. ಎಪ್ಪತ್ತೆರಡನ್ನು ಮೂರರಿಂದ ಭಾಗಿಸಿದರೆ ದಿನಕ್ಕೆ 24 ಪಿಂಟು. ಎಂದರೆ ಒಂದು ಕೈಪಂಪು ಬದುಕಿರಬೇಕಾದರೆ ಪ್ರತಿದಿನ ಹತ್ತು ಹನ್ನೆರಡು ಮಂದಿ ಬಂದು ಎರಡೆರಡು ಪಿಂಟು ಕುಡಿಯಬೇಕು. ಶನಿವಾರ ಮಾತ್ರ ಬಂದರೆ ಸಾಲದು. ಮಳೆ ಸುರಿಯುವ ಮಂಗಳವಾರವೂ ಬರಬೇಕು.

ಮಂಗಳವಾರದ ಮಳೆಯಲ್ಲಿ ಬರುವವರು ಯಾರು? ದೂರದಿಂದ ವಾಹನ ಏರಿ ಬರುವ ವಿಲಾಸಿಗಳಲ್ಲ. ನಡೆದು ಬರುವಷ್ಟು ಹತ್ತಿರದ ನೆರೆಯವರು. ಅವರ ಸಂಖ್ಯೆ ಹನ್ನೆರಡರಿಂದ ಆರಕ್ಕಿಳಿದರೆ ಪೀಪಾಯಿ ಮುಗಿಯಲು ಆರು ದಿನ ಹಿಡಿಯುತ್ತದೆ. ಕೊನೆಯ ಮೂರು ದಿನ ಬಂದವನಿಗೆ ಹಳಸಿದ ಬಿಯರು ಸಿಕ್ಕುತ್ತದೆ. ಅವನು ಮರುದಿನ ಬರುವುದಿಲ್ಲ, ಅಥವಾ ಬಂದರೂ ಅನಿಲದ ಒತ್ತಡದಲ್ಲಿ ವಾರಗಟ್ಟಲೆ ಕೆಡದಿರುವ ಲಾಗರನ್ನು ಕೇಳುತ್ತಾನೆ. ಆಗ ಪೀಪಾಯಿ ಇನ್ನೂ ನಿಧಾನವಾಗುತ್ತದೆ. ಒಂದು ದಿನ ಯಜಮಾನನು ಕೈಪಂಪಿನ ಮೇಲೆ ಬಟ್ಟೆ ಹೊದಿಸಿಬಿಡುತ್ತಾನೆ. ಸೀಸೆಯ ಮದ್ಯವನ್ನು ಒಬ್ಬನೇ ಕೋಣೆಯಲ್ಲಿ ಕೂತು ಕುಡಿಯಬಹುದು; ಪೀಪಾಯಿಯ ಬಿಟರನ್ನು ಒಬ್ಬನಿಂದ ಕುಡಿಯಲಾಗದು. ಅದನ್ನು ಕುಡಿಯಲು ಒಂದು ನೆರೆಹೊರೆಯೇ ಬೇಕು.

ಈ ಮಾತಿಗೆ ನಿದರ್ಶನ ಬೇಕಾದರೆ 2020ನ್ನು ನೆನೆಯಬಹುದು. ಆ ವರ್ಷದ ಮಾರ್ಚ್ 20ರಂದು ಕೊರೋನಾ ರೋಗದ ನಿಮಿತ್ತ ದೇಶದ ಪಬ್ಬುಗಳನ್ನೆಲ್ಲ ಮುಚ್ಚಬೇಕೆಂದು ಸರ್ಕಾರ ಆಜ್ಞೆ ಮಾಡಿತು. ನೆಲಮಾಳಿಗೆಗಳಲ್ಲಿ ತುಂಬಿದ್ದ ಲಕ್ಷಾಂತರ ಪಿಂಟು ಬಿಯರನ್ನು ಚರಂಡಿಗೆ ಚೆಲ್ಲಬೇಕಾಯಿತು. ಜನ ಬರದಿದ್ದರೆ ಆ ಪದಾರ್ಥ ಸಾಯುತ್ತದೆ ಎಂಬುದಕ್ಕೆ ಇದಕ್ಕಿಂತ ಕಠೋರವಾದ ಪ್ರಯೋಗ ಬೇಕಿಲ್ಲ.

ನಾನು ಕಂಡ ಒಂದು ಪಬ್ಬು

1930ರ ದಶಕದ ಕೊನೆಯಲ್ಲಿ 'ಮಾಸ್ ಅಬ್ಸರ್ವೇಶನ್' ಎಂಬ ಸಂಶೋಧಕರ ಕೂಟವು ಲ್ಯಾಂಕಶೈರಿನ ಬೋಲ್ಟನ್ ಊರಿನಲ್ಲಿ ಬೀಡುಬಿಟ್ಟು ಪಬ್ಬಿನ ಜೀವನವನ್ನು ಕೂಲಂಕಷವಾಗಿ ಪರಿಶೀಲಿಸಿತು. 1943ರಲ್ಲಿ ಅದರ ಫಲ ಪುಸ್ತಕವಾಗಿ ಹೊರಬಂದಿತು. ದುಡಿಯುವ ಜನರ ಬಿಡುವಿನ ವೇಳೆಯಲ್ಲಿ ಚರ್ಚು, ಸಿನೆಮಾ, ನೃತ್ಯಶಾಲೆ, ರಾಜಕೀಯ ಪಕ್ಷಗಳಿಗಿಂತ ಪಬ್ಬಿಗೇ ದೊಡ್ಡ ಪಾಲೆಂದು ಅವರು ಕಂಡರು. ಮೂರು ವರ್ಷಗಳ ತರುವಾಯ, 1946ರ ಫೆಬ್ರವರಿಯಲ್ಲಿ, ಜಾರ್ಜ್ ಆರ್ವೆಲ್ ಲಂಡನ್ನಿನ ಸಂಜೆಪತ್ರಿಕೆಯೊಂದರಲ್ಲಿ ತನ್ನ ಮೆಚ್ಚಿನ ಪಬ್ಬನ್ನು ವರ್ಣಿಸಿ ಲೇಖನ ಬರೆದನು. ಓದುತ್ತ ಹೋದವನಿಗೆ ಕೊನೆಯಲ್ಲಿ ತಿಳಿಯುವುದೇನೆಂದರೆ, ಅಂಥ ಪಬ್ಬು ಎಲ್ಲಿಯೂ ಇಲ್ಲ. ಅದು ಆತನ ಕಲ್ಪನೆ. ಆದರ್ಶವಾದ ಪಬ್ಬು ಅಂದಿಗೇ ಇರಲಿಲ್ಲ ಎಂಬುದನ್ನು ಇಂದು ಹಳಹಳಿಸುವವರು ನೆನಪಿನಲ್ಲಿಡಬೇಕು.

ನಾನು ಬಲ್ಲ ಪಬ್ಬಂತೂ ಆದರ್ಶವಾಗಿರಲಿಲ್ಲ. ಅದಿದ್ದುದು ಪಶ್ಚಿಮ ಯಾರ್ಕ್‌ಶೈರಿನ ಒಂದು ಹಳೆಯ ಗಿರಣಿ ಊರಿನಲ್ಲಿ; ಬ್ರಾಂಟೆ ಸೋದರಿಯರ ಹಾವರ್ತಿಗೆ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿ. ಕಂಬಳಿಯಂಥ ನೆಲಹಾಸಿಗೆ ವಯಸ್ಸಾಗಿತ್ತು. ಗೋಡೆಗೆ ಹೊಗೆಯ ಬಣ್ಣ. ಊಟಕ್ಕೆ ಉಪ್ಪುಗಡಲೆಯ ಹೊರತು ಹೆಚ್ಚೇನೂ ಇರಲಿಲ್ಲ. ಆದರೆ ಬಿಟರು ಚೆನ್ನಾಗಿತ್ತು. ಪಕ್ಕದ ಕೀತ್ಲಿ ಊರಿನಲ್ಲಿ 1858ರಿಂದ ಬಿಯರು ಮಾಡುತ್ತಿರುವ ಟಿಮೊತಿ ಟೇಲರ್ ಅವರ 'ಲ್ಯಾಂಡ್‌ಲಾರ್ಡ್'. ತಮ್ಮದೇ ಬುಗ್ಗೆಯ ನೀರಿನಿಂದ ಮಾಡಿದ್ದು. ಪಬ್ಬಿನ ಯಜಮಾನಿ ಐವತ್ತು ದಾಟಿದ ಗಟ್ಟಿಗಿತ್ತಿ. ನಮ್ಮ ಕಡೆಯ ಮುದುಕಿಯರು ಅಪರಿಚಿತನನ್ನೂ 'ಏನಪ್ಪಾ ಮಗಾ' ಎಂದು ಮಾತಾಡಿಸುವಂತೆ ಆಕೆ ಬಂದವರನ್ನೆಲ್ಲ 'ಲವ್' ಎಂದು ಕರೆಯುತ್ತಿದ್ದಳು. ಮೊದಲ ಬಾರಿ ಹಾಗೆ ಕರೆಸಿಕೊಂಡಾಗ ನಾನು ಕೆಂಪೇರಿದ್ದು ಅಲ್ಲಿನವರಿಗೆ ಒಂದು ತಿಂಗಳ ವಿನೋದವಾಯಿತು.

ಒಬ್ಬ ಮುದುಕ ಪ್ರತಿದಿನ ಸಂಜೆ ಐದಕ್ಕೆ ಬರುತ್ತಿದ್ದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳು ದೂರ. ಬಾಗಿಲ ಪಕ್ಕದ ಮೂಲೆಯಲ್ಲಿ ಕೂತು ಎರಡು ಪಿಂಟು ಮುಗಿಸಿ ಏಳಕ್ಕೆ ಎದ್ದು ಹೋಗುತ್ತಿದ್ದ. ಆಡುತ್ತಿದ್ದುದು ಹತ್ತಿಪ್ಪತ್ತು ಮಾತು. ಚಳಿಗಾಲದ ಒಂದು ದಿನ ಆತ ಬರಲಿಲ್ಲ. ಐದೂಮುಕ್ಕಾಲಿಗೆ ಯಜಮಾನಿ ಗಡಿಯಾರ ನೋಡಿದಳು. ಆರಕ್ಕೆ ನನ್ನನ್ನೂ ಇನ್ನೊಬ್ಬನನ್ನೂ ಕರೆದು ಆತನ ಮನೆಯ ಬಾಗಿಲು ಬಡಿದು ಬರಲು ಹೇಳಿದಳು. ಆತ ಮೆಟ್ಟಿಲಿನಿಂದ ಜಾರಿ ಬೆಳಗಿನಿಂದ ನೆಲದ ಮೇಲೆಯೇ ಬಿದ್ದಿದ್ದ. ಆಸ್ಪತ್ರೆಗೆ ಸೇರಿಸಿದರು, ಬದುಕಿಕೊಂಡ. ಒಬ್ಬ ಮನುಷ್ಯನ ಗೈರುಹಾಜರಿಯನ್ನು ಒಂದು ಗಂಟೆಯೊಳಗೆ ಕಂಡುಹಿಡಿಯುವ ಸರ್ಕಾರಿ ಇಲಾಖೆ ಯಾವ ದೇಶದಲ್ಲಿಯೂ ಇಲ್ಲ. ಆ ದಿನದಿಂದ ಪಬ್ಬನ್ನು ಕುಡಿತದ ಅಂಗಡಿಯೆಂದಷ್ಟೇ ಕರೆಯಲು ನನಗೆ ಬಾಯಿ ಬರದು.

ಆ ಪಬ್ಬು ಈಗ ಇಲ್ಲ. ಅದನ್ನು ಮೂರು ಮನೆಗಳಾಗಿ ಭಾಗ ಮಾಡಿದ್ದಾರೆ.

ಕೊಂದವರು ಯಾರು?

ಈ ಪ್ರಶ್ನೆಗೆ ಇಂಗ್ಲೆಂಡಿನಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಇಂಗ್ಲೆಂಡಿನ ಪಬ್ಬುಗಳಲ್ಲಿ 2007ರ ಜುಲೈ 1ರಿಂದ ಧೂಮಪಾನವನ್ನು ನಿಷೇಧಿಸಿದ್ದೇ ಕಾರಣವೆಂದು ಕೆಲವರು. ಅಂಗಡಿಯ ಅಗ್ಗದ ಡಬ್ಬಿ ಬಿಯರೂ ಮನೆಯ ದೂರದರ್ಶನವೂ ಕಾರಣವೆಂದು ಕೆಲವರು. ತೆರಿಗೆಯ ಭಾರವೆಂದು ಯಜಮಾನರು. ಇವೆಲ್ಲದರಲ್ಲಿಯೂ ನಿಜವುಂಟು. 2025ರ ಏಪ್ರಿಲಿನಲ್ಲಿ ನೌಕರರ ಬಾಬ್ತು ಮಾಲಿಕರು ತೆರಬೇಕಾದ ವಿಮಾ ವಂತಿಗೆ ಏರಿತು. ವ್ಯಾಪಾರಸ್ಥಳದ ಕಂದಾಯದಲ್ಲಿ ಕೊಡುತ್ತಿದ್ದ ನೂರಕ್ಕೆ 75ರ ವಿನಾಯಿತಿ 40ಕ್ಕೆ ಇಳಿಯಿತು. ಅದೇ ವರ್ಷ ಪಿಂಟಿಗೆ ಒಂದು ಪೆನ್ನಿಯಷ್ಟು ಸುಂಕವನ್ನು ಸರ್ಕಾರ ಇಳಿಸಿದ್ದು, ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಆದರೆ ರೋಗದ ಮೂಲ ಇನ್ನೂ ಹಿಂದಿದೆ. 1960ರ ದಶಕದಲ್ಲಿ ದೊಡ್ಡ ತಯಾರಕರು ಸಣ್ಣವರನ್ನು ನುಂಗುತ್ತ ಹೋದರು. ಸೋಸಿ, ಕಾಯಿಸಿ, ಅನಿಲ ತುಂಬಿದ 'ಕೆಗ್' ಬಿಯರನ್ನು ದೇಶಕ್ಕೆಲ್ಲ ಹಂಚಿದರು. ಅದು ಕೆಡುವುದಿಲ್ಲ, ಅದನ್ನು ನೋಡಿಕೊಳ್ಳಲು ಕುಶಲನಾದ ಯಜಮಾನನೂ ಬೇಕಿಲ್ಲ. 1971ರಲ್ಲಿ ನಾಲ್ವರು ತರುಣರು ಐರ್ಲೆಂಡಿಗೆ ವಿಹಾರಕ್ಕೆ ಹೋಗಿದ್ದಾಗ ಇದನ್ನು ಕುರಿತು ಗೊಣಗುತ್ತ ಒಂದು ಸಂಘ ಕಟ್ಟಿದರು. ಅದೇ ಮುಂದೆ 'ಕ್ಯಾಮ್ರಾ' ಎಂಬ, ಗಿರಾಕಿಗಳ ದೊಡ್ಡ ಚಳವಳಿಯಾಗಿ ಬೆಳೆದು ಪೀಪಾಯಿಯ ಬಿಯರನ್ನು ಅಳಿವಿನಿಂದ ಉಳಿಸಿತು. ಗೊಣಗಾಟದಿಂದಲೂ ದೇಶಕ್ಕೆ ಉಪಕಾರವಾಗಬಹುದೆಂಬುದಕ್ಕೆ ಇದೊಂದು ಸಾಕ್ಷಿ.

ಅವರು ಬಿಯರನ್ನು ಉಳಿಸಿದರು, ಮನೆಯನ್ನು ಉಳಿಸಲಾಗಲಿಲ್ಲ. ಬಹುಪಾಲು ಪಬ್ಬುಗಳು ಬ್ರೂವರಿಗಳ ಸೊತ್ತು, ನಡೆಸುವವನು ಗೇಣಿದಾರ. ಧಣಿಯ ಬಿಯರನ್ನು ಧಣಿ ಹೇಳಿದ ಬೆಲೆಗೆ ಕೊಳ್ಳಬೇಕೆಂಬುದು ಅವನಿಗಿದ್ದ ಕಟ್ಟು. 1989ರಲ್ಲಿ ಏಕಸ್ವಾಮ್ಯ ಆಯೋಗವು ಇದನ್ನು ವಿಚಾರಿಸಿ ದೋಷವೆಂದು ಹೇಳಿತು. ಸರ್ಕಾರವು ಶಾಸನ ತಂದು, ಎರಡು ಸಾವಿರಕ್ಕಿಂತ ಹೆಚ್ಚು ಪಬ್ಬುಗಳುಳ್ಳ ಬ್ರೂವರಿಗಳು ಆ ಹೆಚ್ಚುವರಿಯ ಅರ್ಧವನ್ನು 1992ರ ನವೆಂಬರಿನೊಳಗೆ ಕಟ್ಟಿನಿಂದ ಬಿಡಿಸಬೇಕೆಂದು ವಿಧಿಸಿತು. ಉದ್ದೇಶ ಒಳ್ಳೆಯದೇ. ಪರಿಣಾಮವೇನಾಯಿತು? ಬ್ರೂವರಿಗಳು ಸಾವಿರಾರು ಪಬ್ಬುಗಳನ್ನು ಮಾರಿದುವು. ಕೊಂಡವರು ಗೇಣಿದಾರರಲ್ಲ, ಬಿಯರನ್ನೇ ತಯಾರಿಸದ ಹೊಸ ಕಂಪೆನಿಗಳು. ಶಾಸನವು ಬ್ರೂವರಿಗಳಿಗೆ ಮಾತ್ರ ಅನ್ವಯಿಸುತ್ತಿದ್ದುದರಿಂದ ಹೊಸ ಧಣಿಗಳು ಹಳೆಯ ಕಟ್ಟನ್ನು ಹಾಗೆಯೇ ಮುಂದುವರಿಸಿದರು. ಪಬ್ಬುಗಳನ್ನೇ ಅಡವಿಟ್ಟು ಅಪಾರ ಸಾಲ ತಂದು, ಆ ಸಾಲದ ಬಡ್ಡಿಯನ್ನು ಗೇಣಿಯಿಂದಲೂ ಬಿಯರಿನ ಬೆಲೆಯಿಂದಲೂ ಹಿಂಡಿದರು. ಜಹಗೀರುದಾರನನ್ನು ಇಳಿಸಿ ಲೇವಾದೇವಿಯವನನ್ನು ಕೂರಿಸಿದಂತಾಯಿತು. ಹಳೆಯ ಧಣಿಗೆ ತನ್ನ ಬಿಯರು ಮಾರಾಟವಾಗಬೇಕೆಂಬ ಸ್ವಾರ್ಥವಾದರೂ ಇತ್ತು. ಹೊಸಬನಿಗೆ ಪಬ್ಬೆಂದರೆ ನಿವೇಶನ. ಬೀಳುವ ಲಾಭಕ್ಕಿಂತ ಏರುವ ನೆಲದ ಬೆಲೆ ದೊಡ್ಡದಾದ ದಿನ ಆ ಪಬ್ಬಿನ ಆಯುಸ್ಸು ತೀರಿತು. ಗೇಣಿದಾರರಿಗೆ ಮಾರುಕಟ್ಟೆಯ ಬಾಡಿಗೆ ಮಾತ್ರ ತೆತ್ತು ಕಟ್ಟಿನಿಂದ ಹೊರಬರುವ ಹಕ್ಕನ್ನು ಕೊಟ್ಟ ನಿಯಮಗಳು ಜಾರಿಗೆ ಬಂದುದು 2016ರಲ್ಲಿ. ಅವೂ ಐನೂರು ಪಬ್ಬುಗಳಿಗೆ ಕಡಮೆಯಿಲ್ಲದ ದೊಡ್ಡ ಒಡೆಯರಿಗೆ ಮಾತ್ರ.

ಹೊರಗೆ ನಿಂತವರು

ಇಲ್ಲಿ ಒಂದು ಅಪ್ರಿಯವಾದ ಸತ್ಯವನ್ನು ಹೇಳಬೇಕು. ನೆರೆಹೊರೆ ನೆರೆಹೊರೆ ಎಂದು ನಾನು ಹೊಗಳುತ್ತಿರುವ ಈ ಕೂಟ ಎಲ್ಲರನ್ನೂ ನೆರೆಯವರೆಂದು ಎಣಿಸಲಿಲ್ಲ. ಬಹುಕಾಲ ಅನೇಕ ಪಬ್ಬುಗಳ ಹೊರಕೋಣೆ ಗಂಡಸರಿಗೆ ಮೀಸಲು. ಲಂಡನ್ನಿನ ಫ್ಲೀಟ್ ಬೀದಿಯ ಪ್ರಸಿದ್ಧ ಪಾನಗೃಹವಾದ 'ಎಲ್ ವೀನೊ'ದಲ್ಲಿ ಹೆಂಗಸರು ಕಟ್ಟೆಯ ಮುಂದೆ ನಿಂತು ಕೇಳಿದರೆ ಕೊಡುತ್ತಿರಲಿಲ್ಲ. 1982ರಲ್ಲಿ ಅಪೀಲು ನ್ಯಾಯಾಲಯ ಅದು ಕಾನೂನಿಗೆ ವಿರುದ್ಧವೆಂದು ತೀರ್ಪು ಕೊಡಬೇಕಾಯಿತು.

ನಮ್ಮವರ ಕಥೆ ಇನ್ನೂ ಕಹಿ. ಪಶ್ಚಿಮ ಮಿಡ್‌ಲ್ಯಾಂಡ್ಸಿನ ಸ್ಮೆದಿಕ್ ಊರಿಗೆ ಎರಕದ ಕಾರ್ಖಾನೆಗಳಲ್ಲಿ ದುಡಿಯಲು ಬಂದ ಪಂಜಾಬಿಗಳಿಗೆ, ಕುಲುಮೆಯ ಮುಂದೆ ದಿನವೆಲ್ಲ ಬೆಂದು ಬಂದು ಒಂದು ಪಿಂಟು ಕೇಳಿದರೆ, ಹಲವು ಪಬ್ಬುಗಳಲ್ಲಿ ಇಲ್ಲವೆನ್ನುತ್ತಿದ್ದರು. ಇನ್ನು ಕೆಲವೆಡೆ ಒಳಕೋಣೆ ಬಿಳಿಯರಿಗೆ, ಹೊರಕೋಣೆ ಇವರಿಗೆ. ಭಾರತೀಯ ಕಾರ್ಮಿಕರ ಸಂಘ ಇದರ ವಿರುದ್ಧ ಹೋರಾಡಿತು. 1965ರ ಫೆಬ್ರವರಿಯಲ್ಲಿ ಅಮೆರಿಕದ ನೀಗ್ರೋ ಮುಖಂಡ ಮಾಲ್ಕಮ್ ಎಕ್ಸ್, ಕೊಲೆಗೀಡಾಗುವುದಕ್ಕೆ ಒಂಬತ್ತು ದಿನ ಮೊದಲು, ಆ ಊರಿಗೆ ಬಂದು ಅಲ್ಲಿನ ಪಬ್ಬಿನ ವರ್ಣಭೇದವನ್ನು ಸ್ವತಃ ಕಂಡನು. ಅದೇ ವರ್ಷ ಬಂದ ಜನಾಂಗ ಸಂಬಂಧ ಶಾಸನವು ಸಾರ್ವಜನಿಕ ಸ್ಥಳಗಳಲ್ಲಿ ಈ ಭೇದವನ್ನು ನಿಷೇಧಿಸಿತು.

ಅದರ ಮುಂದಿನ ಸ್ವಾರಸ್ಯವನ್ನು ನೋಡಿ. ಬಾಗಿಲಲ್ಲಿ ತಡೆದು ನಿಲ್ಲಿಸಲಾಗಿದ್ದ ಜನರೇ ಕ್ರಮೇಣ, ಬಿಳಿಯ ಯಜಮಾನರು ಕೈಬಿಟ್ಟ ಪಬ್ಬುಗಳನ್ನು ಹಿಡಿದು ನಡೆಸತೊಡಗಿದರು. ಸ್ಮೆದಿಕ್, ವೆಸ್ಟ್ ಬ್ರಾಮಿಚ್ ಮೊದಲಾದ ಊರುಗಳಲ್ಲಿ ಇಂದು 'ದೇಸಿ ಪಬ್' ಎಂಬುದು ಪ್ರಸಿದ್ಧವಾದ ಬಗೆ. ಕಬ್ಬಿಣದ ತಟ್ಟೆಯಲ್ಲಿ ಚಟಪಟಗುಟ್ಟುವ ತಂದೂರಿ ಮಾಂಸ, ಪಕ್ಕದಲ್ಲಿ ಪಿಂಟು. ಸಿಖ್ಖನೂ ಆಂಗ್ಲನೂ ಜಮೈಕದವನೂ ಒಂದೇ ಕಾಲ್ಚೆಂಡಿನ ಪಂದ್ಯ ನೋಡುತ್ತ ಕೂತಿರುತ್ತಾರೆ. 2023ರಲ್ಲಿ ಇವನ್ನು ಕುರಿತ ಒಂದ��� ಪುಸ್ತಕವನ್ನು ಕ್ಯಾಮ್ರಾ ಸಂಘವೇ ಪ್ರಕಟಿಸಿತು. ಇಂಗ್ಲಿಷ್ ಪಬ್ಬನ್ನು ಉಳಿಸಿದವರಲ್ಲಿ ಅದರಿಂದ ಹೊರದೂಡಿಸಿಕೊಂಡವರೂ ಇದ್ದಾರೆಂಬುದು ಚರಿತ್ರೆಯ ನ್ಯಾಯವೋ ವ್ಯಂಗ್ಯವೋ, ಹೇಳಲಾರೆ. ನನ್ನ ವಾದಕ್ಕೆ ಮಾತ್ರ ಅದು ಪೋಷಕ: ನೆರೆಯವರು ಯಾರೆಂಬುದರ ಎಣಿಕೆಯನ್ನು ಹಿಗ್ಗಿಸಿದಲ್ಲಿ ಪಬ್ಬು ಬದುಕಿತು.

ಉಳಿಸುವುದೆಂದರೇನು?

ಸ್ಟಾಫರ್ಡ್‌ಶೈರಿನ ಹಿಮ್ಲಿಯಲ್ಲಿ 'ಕ್ರುಕೆಡ್ ಹೌಸ್' ಎಂಬ ಪಬ್ಬಿತ್ತು. ಹದಿನೆಂಟನೆಯ ಶತಮಾನದ ಕಟ್ಟಡ. ಕೆಳಗಿನ ಗಣಿಗಳಿಂದ ನೆಲ ಕುಸಿದು ಒಂದು ಕಡೆಗೆ ವಾಲಿ ನಿಂತಿದ್ದುದೇ ಅದರ ಖ್ಯಾತಿಗೆ ಕಾರಣ. 2023ರಲ್ಲಿ ಅದರ ಒಡೆತನ ಕೈಬದಲಾಯಿತು. ಆಗಸ್ಟ್ 5ರ ರಾತ್ರಿ ಅದಕ್ಕೆ ಬೆಂಕಿ ಬಿದ್ದಿತು. ಎರಡು ದಿನಗಳೊಳಗೆ ಉಳಿದ ಗೋಡೆಗಳನ್ನೂ ಕೆಡವಲಾಯಿತು. ದೇಶವೆಲ್ಲ ಕೆರಳಿತು. 2024ರ ಫೆಬ್ರವರಿಯಲ್ಲಿ ಸ್ಥಳೀಯ ಆಡಳಿತವು ಅದನ್ನು ಮೊದಲಿದ್ದಂತೆಯೇ ಮತ್ತೆ ಕಟ್ಟಬೇಕೆಂದು ಒಡೆಯರಿಗೆ ನೋಟೀಸು ಕೊಟ್ಟಿತು. ಇದಕ್ಕೆ ಮೇಲ್ಪಂಕ್ತಿಯಿಲ್ಲದಿಲ್ಲ. ಲಂಡನ್ನಿನ ಮೈಡಾ ವೇಲಿನಲ್ಲಿ 'ಕಾರ್ಲ್‌ಟನ್ ಟ್ಯಾವರ್ನ್' ಎಂಬ ಪಬ್ಬನ್ನು 2015ರಲ್ಲಿ ಅನುಮತಿಯಿಲ್ಲದೆ ನೆಲಸಮ ಮಾಡಿದವರಿಂದ, ಇಟ್ಟಿಗೆಗೆ ಇಟ್ಟಿಗೆ ಸರಿಯಾಗಿ ಮತ್ತೆ ಕಟ್ಟಿಸಲಾಯಿತು. ಅದು 2021ರಲ್ಲಿ ಬಾಗಿಲು ತೆರೆಯಿತು. ಅನ್ಯಾಯಕ್ಕೆ ತಕ್ಕ ಪ್ರಾಯಶ್ಚಿತ್ತವೆಂದು ಇದನ್ನು ಮೆಚ್ಚುತ್ತೇನೆ.

ಆದರೆ ಇಟ್ಟಿಗೆಯನ್ನು ಉಳಿಸುವುದೇ ಪಬ್ಬನ್ನು ಉಳಿಸುವುದಲ್ಲ. ಬರ್ಟನ್ನಿನಲ್ಲಿ ಓಕ್ ಮರದ ಪೀಪಾಯಿಗಳನ್ನು ಸಾಲಾಗಿ ಕೊಳವೆಗಳಿಂದ ಜೋಡಿಸಿ ಬಿಯರನ್ನು ಹುದುಗಿಸುವ 'ಯೂನಿಯನ್' ಎಂಬ ಪದ್ಧತಿಯಿತ್ತು. ಅದನ್ನು ಕೊನೆಯವರೆಗೆ ಆ ಊರಿನಲ್ಲಿ ಉಳಿಸಿಕೊಂಡಿದ್ದ ಮಾರ್‌ಸ್ಟನ್ಸ್ ಬ್ರೂವರಿಯಲ್ಲಿ 2024ರಲ್ಲಿ ಅದನ್ನು ನಿಲ್ಲಿಸಿದರು. ವಸ್ತುಸಂಗ್ರಹಾಲಯಕ್ಕೆ ಸೇರಿದ್ದರೆ ಅದು ಸುಂದರವಾದ ಶವವಾಗುತ್ತಿತ್ತು. ಅದೃಷ್ಟವಶಾತ್ ಡರ್ಬಿಶೈರಿನ ಥಾರ್ನ್‌ಬ್ರಿಜ್ ಎಂಬ ಹೊಸ ಕಾಲದ ಬ್ರೂವರಿ ಅದರಲ್ಲಿ ಒಂದು ಜೋಡಣೆಯನ್ನು ತಂದು ಮತ್ತೆ ಬಿಯರು ಹುದುಗಿಸತೊಡಗಿತು. ಬಳಕೆಯೇ ಸಂರಕ್ಷಣೆ.

ಈ ಪಾಠವನ್ನು ಎಲ್ಲರಿಗಿಂತ ಮೊದಲು ಕಲಿತವರು ಕಂಬ್ರಿಯದ ಬೆಟ್ಟಗಳ ನಡುವಿನ ಹೆಸ್ಕೆಟ್ ನ್ಯೂಮಾರ್ಕೆಟ್ ಎಂಬ ಪುಟ್ಟ ಹಳ್ಳಿಯವರು. 1999ರಲ್ಲಿ ತಮ್ಮೂರಿನ ಬ್ರೂವರಿಯನ್ನೂ 2003ರಲ್ಲಿ ಅದರ ಮುಂದಿನ 'ಓಲ್ಡ್ ಕ್ರೌನ್' ಪಬ್ಬನ್ನೂ ಅವರು ಸಹಕಾರಿ ತತ್ವದ ಮೇಲೆ ಕೊಂಡುಕೊಂಡರು. 2011ರ ಶಾಸನವೊಂದು ಊರಿಗೆ ಉಪಯುಕ್ತವಾದ ಕಟ್ಟಡಗಳನ್ನು ಪಟ್ಟಿ ಮಾಡಿಸಿ, ಅವು ಮಾರಾಟಕ್ಕೆ ಬಂದಾಗ ಹಣ ಕೂಡಿಸಲು ಜನರಿಗೆ ಆರು ತಿಂಗಳ ಅವಕಾಶ ಕೊಟ್ಟಿತು. ಲಂಡನ್ನಿನ ನನ್‌ಹೆಡ್ ಬಡಾವಣೆಯ 'ಐವಿ ಹೌಸ್' ಆ ಪಟ್ಟಿಗೆ ಸೇರಿದ ಮೊದಲ ಪಬ್ಬು; 2013ರಲ್ಲಿ ಅಲ್ಲಿನ ನಿವಾಸಿಗಳೇ ಅದರ ಒಡೆಯರಾದರು. ಇಂದು ಹೀಗೆ ಜನರ ಒಡೆತನಕ್ಕೆ ಬಂದ ಪಬ್ಬುಗಳು ನೂರಕ್ಕೂ ಮಿಕ್ಕಿವೆ. ನಲವತ್ತೈದು ಸಾವಿರದ ಮುಂದೆ ನೂರು ದೊಡ್ಡ ಸಂಖ್ಯೆಯಲ್ಲ ನಿಜ. ಆದರೆ ಪಾಲು ಕೊಂಡವನು ಮಂಗಳವಾರದ ಮಳೆಯಲ್ಲಿಯೂ ಬರುತ್ತಾನೆ. ಪೀಪಾಯಿಯ ಗಣಿತಕ್ಕೆ ಅದೇ ಉತ್ತರ.

ಇಂಗ್ಲಿಷರಿಗೆ ನನ್ನ ಅಭಿಪ್ರಾಯದಿಂದ ಆಗಬೇಕಾದುದೇನೂ ಇಲ್ಲ; ಆದರೂ ಹೇಳುತ್ತೇನೆ. ಸುಂಕ ಇಳಿಯಲಿ, ಕಂದಾಯ ಇಳಿಯಲಿ, ಪುರಾತನ ತೊಲೆಗಳಿಗೆ ರಕ್ಷಣೆ ಸಿಗಲಿ. ಅವು ಬೇಕಾದುವೇ. ಆದರೆ ಪಬ್ಬನ್ನು ಸೊತ್ತೆಂದು ಎಣಿಸುವವರ ಕೈಯಿಂದ ಬಿಡಿಸಿ ನೆರೆಯೆಂದು ಎಣಿಸುವವರ ಕೈಗೆ ಒಪ್ಪಿಸದ ಹೊರತು ಉಳಿದೆಲ್ಲ ಔಷಧಗಳೂ ತಾತ್ಕಾಲಿಕ. ಇಲ್ಲವಾದರೆ ಬಿಟರು ಸೀಸೆಗಳಲ್ಲಿ ಉಳಿಯಬಹುದು, ಪಬ್ಬಿನ ಹೆಸರು ಮನೆಗಳ ಗೋಡೆಯ ಮೇಲೆ ಉಳಿಯಬಹುದು.

ಕಳೆದ ಸಲ ಆ ಊರಿಗೆ ಹೋದಾಗ ಹಳೆಯ ಬೀದಿಯಲ್ಲಿ ನಡೆದುಬಂದೆ. ಪಬ್ಬಿದ್ದ ಜಾಗದ ಮೂರು ಮನೆಗಳಿಗೂ ಅಚ್ಚುಕಟ್ಟಾದ ಪರದೆಗಳಿದ್ದವು. ಸಂಜೆ ಐದೂಮುಕ್ಕಾಲು, ಮಳೆ ಹನಿಯುತ್ತಿತ್ತು. ಆ ಬೀದಿಯಲ್ಲಿ ಒಂಟಿಯಾಗಿರುವ ಮುದುಕರು ಇಂದೂ ಇರಬೇಕು. ಅವರಲ್ಲಿ ಯಾರಾದರೂ ಬೆಳಗ್ಗೆ ಜಾರಿ ಬಿದ್ದಿದ್ದರೆ, ಗಡಿಯಾರ ನೋಡುವವರು ಯಾರೂ ಕಾಣಲಿಲ್ಲ.